ಚೆಂಡೆಸೆಗಾರ ಸೈ ಯಂಗ್ ಮತ್ತು ಗೆಲುವಿನ ಲೆಕ್ಕ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡರು. ಕಾಸರಗೋಡಿನ ನೆಲದಲ್ಲಿ ಕುಳಿತು ಬರೆಯುವವನು ಮಂಜೇಶ್ವರದ ಗೋವಿಂದ ಪೈಗಳನ್ನೋ ಕಯ್ಯಾರ ಕಿಞ್ಞಣ್ಣ ರೈಗಳನ್ನೋ ಕುರಿತು ಬರೆಯುವುದು ವಾಡಿಕೆ. ಅವರ ಬಗೆಗೆ ನನಗಿಂತ ಅಧಿಕಾರಯುತವಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ಆದುದರಿಂದ ನಮ್ಮ ಊರಿನವರು ಬಹುಶಃ ಹೆಸರನ್ನೇ ಕೇಳಿರದ ಒಬ್ಬ ಅಮೆರಿಕದ ಆಟಗಾರನ ಜೀವನವನ್ನು ನಾನು ಆರಿಸಿಕೊಂಡಿದ್ದೇನೆ. ಅವರ ಹೆಸರು ಸೈ ಯಂಗ್. ಅವರನ್ನೇಕೆ ಆರಿಸಿಕೊಂಡೆನೆಂಬುದು ಲೇಖನದ ಕೊನೆಗೆ ವಾಚಕರಿಗೆ ತಿಳಿಯುವುದು.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಓಹಿಯೋ ರಾಜ್ಯಕ್ಕೆ ಹೋಗಿ ಆರು ತಿಂಗಳು ಇದ್ದೆ. ಮೊಮ್ಮಗನಿಗೆ ಆಗ ಹತ್ತು ವರ್ಷ. ಅವನು ಮಕ್ಕಳ ತಂಡವೊಂದರಲ್ಲಿ ಬೇಸ್‌ಬಾಲ್ ಆಡುತ್ತಿದ್ದನು. ಒಂದು ಶನಿವಾರ ಅವನು ಬಹಳ ಚೆನ್ನಾಗಿ ಚೆಂಡೆಸೆದನು. ಆದರೆ ಕೊನೆಯಲ್ಲಿ ಜತೆಯ ಹುಡುಗನೊಬ್ಬ ಸುಲಭದ ಕ್ಯಾಚನ್ನು ಕೈಚೆಲ್ಲಿ, ಎದುರಾಳಿಗಳು ಒಂದು ರನ್ನಿನಿಂದ ಗೆದ್ದರು. ಲೆಕ್ಕ ಬರೆಯುವವರು ಆ ಸೋಲನ್ನು ನನ್ನ ಮೊಮ್ಮಗನ ಹೆಸರಿನ ಮುಂದೆ ಬರೆದರು. ಮನೆಗೆ ಬರುವ ದಾರಿಯಲ್ಲಿ ಅವನು ಕಾರಿನ ಹಿಂದಿನ ಆಸನದಲ್ಲಿ ಮುಖ ತಿರುಗಿಸಿಕೊಂಡು ಅತ್ತನು. ಜೀವಮಾನವಿಡೀ ಮಕ್ಕಳ ಅಂಕಪಟ್ಟಿ ಬರೆದ ಅಜ್ಜನಲ್ಲಿ, ಇದು ನ್ಯಾಯವೇ ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನದಿಂದ ಅಲ್ಲಿಯ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗತೊಡಗಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ನಾನು ಇಂಗ್ಲಿಷ್ ಪುಸ್ತಕಗಳನ್ನು ಓದುವಾಗ ನಿಘಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಓದುವವನು. ಹಾಗೆ ನಿಧಾನವಾಗಿ ಓದಿ ತಿಳಿದುದನ್ನು ಇಲ್ಲಿ ನಿರೂಪಿಸುತ್ತಿದ್ದೇನೆ.

ಆಟದ ಪರಿಚಯ

ಕ್ರಿಕೆಟನ್ನು ಬಲ್ಲ ನಮ್ಮ ಮಕ್ಕಳಿಗೆ ಬೇಸ್‌ಬಾಲ್ ಆಟವನ್ನು ತಿಳಿಸುವುದು ಕಷ್ಟವಲ್ಲ. ತಂಡಕ್ಕೆ ಒಂಬತ್ತು ಮಂದಿ. ಮೈದಾನದಲ್ಲಿ ಚೌಕಾಕಾರವಾಗಿ ನಾಲ್ಕು ಬೇಸ್‌ಗಳು, ಅಂದರೆ ನೆಲೆಗಳು. ಬ್ಯಾಟು ಹಿಡಿದವನು ಚೆಂಡನ್ನು ಹೊಡೆದು ಮೊದಲನೆಯ, ಎರಡನೆಯ, ಮೂರನೆಯ ನೆಲೆಗಳನ್ನು ಮುಟ್ಟಿ ಪುನಃ ಹೊರಟಲ್ಲಿಗೇ ಬಂದರೆ ಒಂದು ರನ್. ಮೂವರು ಔಟಾದರೆ ಇನ್ನೊಂದು ತಂಡದ ಸರದಿ. ಹೀಗೆ ಎರಡು ತಂಡಗಳೂ ಒಂಬತ್ತು ಬಾರಿ ಬ್ಯಾಟು ಮಾಡಿದರೆ ಒಂಬತ್ತು ಇನ್ನಿಂಗ್ಸ್ ಮುಗಿಯುತ್ತದೆ. ರನ್ ಸಮವಾದರೆ ಇತ್ಯರ್ಥವಾಗುವ ತನಕ ಹೆಚ್ಚಿನ ಇನ್ನಿಂಗ್ಸ್‌ಗಳನ್ನು ಆಡುತ್ತಾರೆ. ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ನಮ್ಮ ಬೌಲರನು ಒಂದು ಓವರ್ ಎಸೆದು ಚೆಂಡನ್ನು ಇನ್ನೊಬ್ಬನಿಗೆ ಕೊಡುತ್ತಾನೆ. ಅಲ್ಲಿಯ ಪಿಚರನು ತನ್ನನ್ನು ಬದಲಾಯಿಸುವವರೆಗೆ ಒಬ್ಬನೇ ಎಸೆಯುತ್ತಿರಬೇಕು. ಬದಲಾಯಿಸಿದ ಬಳಿಕ ಅವನು ಆ ಪಂದ್ಯದಲ್ಲಿ ಮರಳಿ ಆಡುವಂತಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಕ್ರಿಕೆಟಿನಲ್ಲಿ ಬೌಲರನ ಹೆಸರಿಗೆ ವಿಕೆಟುಗಳನ್ನೂ ಕೊಟ್ಟ ರನ್ನುಗಳನ್ನೂ ಬರೆಯುತ್ತಾರೆಯೇ ಹೊರತು ಪಂದ್ಯದ ಸೋಲು ಗೆಲುವುಗಳನ್ನು ಬರೆಯುವುದಿಲ್ಲ. ಅವು ತಂಡಕ್ಕೆ ಸೇರಿದವು. ಬೇಸ್‌ಬಾಲಿನಲ್ಲಿಯಾದರೋ ತಂಡ ಗೆದ್ದರೆ ಒಬ್ಬ ಪಿಚರನಿಗೆ ಒಂದು ಗೆಲುವು, ತಂಡ ಸೋತರೆ ಒಬ್ಬ ಪಿಚರನಿಗೆ ಒಂದು ಸೋಲು. ಒಂಬತ್ತು ಮಂದಿ ಕೂಡಿ ಮಾಡಿದ ಕೆಲಸದ ಫಲವನ್ನು ಒಬ್ಬನ ಖಾತೆಗೆ ಬರೆಯುವ ಪದ್ಧತಿ ಇದು.

ಆ ಒಬ್ಬನು ಯಾರೆಂಬುದಕ್ಕೆ ಈಗ ನಿಯಮಗಳಿವೆ. ಪಂದ್ಯವನ್ನು ಆರಂಭಿಸಿದ ಪಿಚರನಿಗೆ ಗೆಲುವು ಸಲ್ಲಬೇಕಾದರೆ ಅವನು ಕನಿಷ್ಠ ಐದು ಇನ್ನಿಂಗ್ಸ್ ಪೂರ್ತಿಗೊಳಿಸಿರಬೇಕು, ಅವನ ತಂಡ ಆಗ ಮುಂದಿರಬೇಕು, ಮತ್ತು ಆ ಮುನ್ನಡೆ ಪಂದ್ಯದ ಕೊನೆಯ ತನಕ ಕೈತಪ್ಪದೆ ಉಳಿಯಬೇಕು. ನಡುವೆ ಎಲ್ಲಿಯಾದರೂ ರನ್ ಸಮವಾದರೆ ಅದುವರೆಗಿನ ಲೆಕ್ಕ ಅಳಿಸಿಹೋಗುತ್ತದೆ. ಮುಂದೆ ತಂಡವು ಶಾಶ್ವತವಾದ ಮುನ್ನಡೆ ಪಡೆದಾಗ ಯಾರು ಪಿಚರನಾಗಿದ್ದನೋ ಅವನಿಗೆ ಗೆಲುವು. ಆರಂಭದ ಪಿಚರನು ಐದು ಇನ್ನಿಂಗ್ಸ್ ಮುಗಿಸದೆ ಹೊರಹೋಗಿದ್ದರೆ, ತರುವಾಯ ಬಂದವರಲ್ಲಿ ಯಾರು ಹೆಚ್ಚು ಪರಿಣಾಮಕಾರಿಯಾಗಿ ಎಸೆದನೆಂದು ಅಧಿಕೃತ ಸ್ಕೋರರನು ನಿರ್ಧರಿಸುತ್ತಾನೆ. ಸೋಲಿನ ನಿಯಮ ಇದಕ್ಕಿಂತ ಸರಳವಾದುದು. ಎದುರಾಳಿಗಳಿಗೆ ಶಾಶ್ವತವಾದ ಮುನ್ನಡೆಯನ್ನು ತಂದುಕೊಟ್ಟ ಓಟಗಾರನು ಯಾವ ಪಿಚರನ ಕಾಲದಲ್ಲಿ ನೆಲೆಯನ್ನು ಮುಟ್ಟಿದನೋ ಆ ಪಿಚರನಿಗೆ ಸೋಲು. ಗೆಲುವಿಗೆ ಐದು ಇನ್ನಿಂಗ್ಸ್‌ಗಳ ದುಡಿಮೆ ಬೇಕು. ಸೋಲಿಗೆ ಒಂದೇ ಒಂದು ಎಸೆತ ಸಾಕು. ಜತೆಗಾರನು ಕ್ಯಾಚು ಬಿಟ್ಟುದರಿಂದ ಬಂದ ರನ್ನನ್ನು ಪಿಚರನ ಸರಾಸರಿ ಲೆಕ್ಕದಿಂದ ಕಳೆಯುತ್ತಾರೆ. ಆದರೆ ಸೋಲನ್ನು ಮಾತ್ರ ಕಳೆಯುವುದಿಲ್ಲ. ನನ್ನ ಮೊಮ್ಮಗನಿಗೆ ಆದುದು ಇದೇ.

ಐದು ಇನ್ನಿಂಗ್ಸ್‌ಗಳ ಈ ನಿಯಮ ಪುಸ್ತಕದಲ್ಲಿ ಸ್ಥಿರವಾದುದು 1950ರಲ್ಲಿ. ಅದಕ್ಕೆ ಮುಂಚೆ ಸ್ಕೋರರರ ವಿವೇಚನೆ, ಲೀಗಿನ ಅಧ್ಯಕ್ಷರ ತೀರ್ಮಾನ, ರೂಢಿ ಇವುಗಳಿಂದಲೇ ಕೆಲಸ ಸಾಗುತ್ತಿತ್ತು. ಸೈ ಯಂಗ್ ಅವರು ಆಡಿದುದು ಆ ಹಳೆಯ ಕಾಲದಲ್ಲಿ.

ಬಾಲ್ಯ ಮತ್ತು ಆರಂಭ

ಡೆಂಟನ್ ಟ್ರೂ ಯಂಗ್ ಅವರು 1867ರ ಮಾರ್ಚ್ 29ರಂದು ಓಹಿಯೋದ ಗಿಲ್ಮೋರ್ ಎಂಬ ಹಳ್ಳಿಯಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಐವರು ಮಕ್ಕಳಲ್ಲಿ ಅವರೇ ಹಿರಿಯರು. ಆರನೆಯ ತರಗತಿಗೆ ಶಾಲೆ ಮುಗಿಯಿತು. ಅನಂತರ ಹೊಲದ ಕೆಲಸ. ಮರ ಕಡಿಯುವುದು, ಹುಲ್ಲು ಹೊರುವುದು, ದನಕರುಗಳ ಆರೈಕೆ ಇವುಗಳಿಂದ ಅವರ ತೋಳಿಗೆ ಬಲ ಬಂದಿತು. ಮುಂದೆ ಹೆಸರಾಂತ ಆಟಗಾರರಾದ ಮೇಲೂ ಆಟವಿಲ್ಲದ ಚಳಿಗಾಲದ ತಿಂಗಳುಗಳಲ್ಲಿ ಅವರು ಹೊಲಕ್ಕೇ ಮರಳುತ್ತಿದ್ದರು.

1890ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಕ್ಯಾಂಟನ್ ನಗರದ ಚಿಕ್ಕ ತಂಡವೊಂದನ್ನು ಅವರು ಸೇರಿದರು. ಅಲ್ಲಿ ಅವರ ಎಸೆತದ ರಭಸಕ್ಕೆ ಮರದ ಬೇಲಿಯ ಹಲಗೆಗಳು ಮುರಿದು ಬಿರುಗಾಳಿ ಬೀಸಿದಂತಾಯಿತೆಂದೂ, ಅಂದಿನಿಂದ ಜನರು ಅವರನ್ನು ಸೈಕ್ಲೋನ್ ಎಂದು ಕರೆಯತೊಡಗಿ ಅದೇ ಸೈ ಎಂದು ಚಿಕ್ಕದಾಯಿತೆಂದೂ ಹೇಳುತ್ತಾರೆ. ಅದೇ ವರ್ಷ ಆಗಸ್ಟ್ 6ರಂದು ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಎಂಬ ದೊಡ್ಡ ತಂಡದ ಪರವಾಗಿ ಶಿಕಾಗೋ ತಂಡದೆದುರು ಅವರು ಮೊದಲ ಬಾರಿಗೆ ಎಸೆದು ಗೆದ್ದರು. ಎದುರಾಳಿಗಳಿಗೆ ಆ ದಿನ ದೊರೆತುದು ಮೂರೇ ಹೊಡೆತಗಳು.

1892ರಲ್ಲಿ ಅವರ ಹೆಸರಿಗೆ 36 ಗೆಲುವುಗಳು ಬಂದವು. ಅದೇ ವರ್ಷ ನವೆಂಬರಿನಲ್ಲಿ ನೆರೆಯ ಊರಿನ ಬಾಲ್ಯದ ಪರಿಚಯದ ರೋಬಾ ಮಿಲ್ಲರ್ ಎಂಬಾಕೆಯೊಡನೆ ಅವರ ವಿವಾಹವಾಯಿತು. ಮರುವರ್ಷ ಆಟದ ನಿಯಮವೊಂದು ಬದಲಾಯಿತು. ವೇಗದ ಎಸೆತಗಳೆದುರು ಬ್ಯಾಟುಗಾರರು ನಿಲ್ಲಲಾಗುತ್ತಿಲ್ಲವೆಂದು ಪಿಚರನು ನಿಲ್ಲುವ ದೂರವನ್ನು ಹೆಚ್ಚಿಸಿ 60 ಅಡಿ 6 ಅಂಗುಲವೆಂದು ಗೊತ್ತುಪಡಿಸಿದರು. ಇಂದಿಗೂ ಅದೇ ದೂರವಿದೆ. ಈ ಬದಲಾವಣೆಯಿಂದ ಅನೇಕ ಪಿಚರರು ಮೂಲೆಗುಂಪಾದರು. ಯಂಗ್ ಅವರು ಮಾತ್ರ 1893ರಲ್ಲಿಯೂ 34 ಪಂದ್ಯಗಳನ್ನು ಗೆದ್ದರು. ಬರಿಯ ವೇಗವನ್ನು ನಂಬದೆ, ಹೇಳಿದ ಜಾಗಕ್ಕೆ ಚೆಂಡನ್ನು ಮುಟ್ಟಿಸುವ ಹತೋಟಿಯನ್ನು ಅವರು ಸಾಧಿಸಿಕೊಂಡಿದ್ದರು. ಜೀವಮಾನದಲ್ಲಿ ಅವರು ಎಸೆದ ಇನ್ನಿಂಗ್ಸ್‌ಗಳು 7,356. ಅಷ್ಟರಲ್ಲಿ ತಪ್ಪೆಸೆತಗಳಿಂದ ಎದುರಾಳಿಗೆ ಸುಮ್ಮನೆ ಮೊದಲನೆಯ ನೆಲೆಯನ್ನು ಬಿಟ್ಟುಕೊಟ್ಟುದು 1,217 ಬಾರಿ. ಒಂಬತ್ತು ಇನ್ನಿಂಗ್ಸ್‌ಗಳ ಒಂದು ಪಂದ್ಯಕ್ಕೆ ಎರಡೂ ಆಗುವುದಿಲ್ಲ.

1899ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲಿಕರು ಸೇಂಟ್ ಲೂಯಿಸ್ ತಂಡವನ್ನೂ ಕೊಂಡು, ಯಂಗ್ ಅವರನ್ನೂ ಇತರ ಒಳ್ಳೆಯ ಆಟಗಾರರನ್ನೂ ಅಲ್ಲಿಗೆ ಸಾಗಿಸಿದರು. ಬರಿದಾದ ಕ್ಲೀವ್‌ಲ್ಯಾಂಡ್ ತಂಡ ಆ ವರ್ಷ 20 ಪಂದ್ಯಗಳನ್ನು ಗೆದ್ದು 134ನ್ನು ಸೋತಿತು. ಆ ತಂಡದಲ್ಲಿ ಉಳಿದ ಪಿಚರರ ಹೆಸರಿನ ಮುಂದೆ ಬಿದ್ದ ಸೋಲುಗಳು ಅವರ ತೋಳಿನ ಸೋಲುಗಳೋ ಮಾಲಿಕರ ಸೋಲುಗಳೋ ಎಂಬುದನ್ನು ವಾಚಕರೇ ವಿಚಾರಿಸಬಹುದು.

ಬಾಸ್ಟನ್ನಿನ ವರ್ಷಗಳು

1901ರಲ್ಲಿ ಹೊಸದಾಗಿ ತಲೆಯೆತ್ತಿದ ಅಮೆರಿಕನ್ ಲೀಗಿನ ಬಾಸ್ಟನ್ ತಂಡಕ್ಕೆ ಯಂಗ್ ಅವರು ಸೇರಿದರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ಅವರ ಕಾಲ ಮುಗಿಯಿತೆಂದು ತಿಳಿದವರಿದ್ದರು. ಆ ವರ್ಷ ಅವರು 33 ಗೆದ್ದರು, 10 ಸೋತರು. 1903ರ ಅಕ್ಟೋಬರ್ 1ರಂದು ಎರಡು ಲೀಗುಗಳ ವಿಜೇತರ ನಡುವೆ ವರ್ಲ್ಡ್ ಸೀರೀಸ್ ಎಂಬ ಪಂದ್ಯಾವಳಿ ಮೊದಲ ಬಾರಿಗೆ ಆರಂಭವಾದಾಗ, ಅದರ ಮೊತ್ತಮೊದಲ ಚೆಂಡನ್ನು ಎಸೆದವರು ಇವರೇ. ಆ ಪಂದ್ಯವನ್ನು ಬಾಸ್ಟನ್ ಸೋತಿತು. ಮೊದಲನೆಯ ಇನ್ನಿಂಗ್ಸಿನಲ್ಲಿಯೇ ಪಿಟ್ಸ್‌ಬರ್ಗ್ ತಂಡ ನಾಲ್ಕು ರನ್ ಗಳಿಸಿತು, ಬಾಸ್ಟನ್ನಿನ ಕ್ಷೇತ್ರರಕ್ಷಕರೂ ಅಂದು ತಪ್ಪುಗಳನ್ನೆಸಗಿದರು. ಸೋಲು ಮಾತ್ರ ಯಂಗ್ ಅವರ ಹೆಸರಿಗೆ ಬಂದಿತು. ಮುಂದೆ ಎರಡು ಪಂದ್ಯಗಳನ್ನು ಅವರು ಗೆದ್ದುಕೊಟ್ಟರು, ಬಾಸ್ಟನ್ 5-3ರಿಂದ ಪಂದ್ಯಾವಳಿಯನ್ನು ತನ್ನದಾಗಿಸಿಕೊಂಡಿತು.

1904ರ ಮೇ 5 ಅವರ ಜೀವನದ ಸುವರ್ಣ ದಿನ. ಫಿಲಡೆಲ್ಫಿಯಾ ತಂಡದೆದುರು ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಇಪ್ಪತ್ತೇಳು ಬ್ಯಾಟುಗಾರರು ಬಂದರು, ಇಪ್ಪತ್ತೇಳು ಮಂದಿಯೂ ಮೊದಲನೆಯ ನೆಲೆಯನ್ನೂ ಮುಟ್ಟದೆ ಹಿಂದಿರುಗಿದರು. ಇಂತಹ ಪಂದ್ಯವನ್ನು ಪರಿಪೂರ್ಣ ಪಂದ್ಯವೆನ್ನುತ್ತಾರೆ. ಅಂದು ಎದುರು ತಂಡದ ಪಿಚರ್ ರೂಬ್ ವಾಡೆಲ್. ಕೊನೆಯ ಬ್ಯಾಟುಗಾರನಾಗಿ ಔಟಾದವನೂ ಅವನೇ.

ಅದೇ ವಾಡೆಲ್ ಮರುವರ್ಷ, 1905ರ ಜುಲೈ 4ರಂದು, ಮತ್ತೆ ಯಂಗ್ ಅವರೆದುರು ನಿಂತನು. ಒಂಬತ್ತು ಇನ್ನಿಂಗ್ಸ್ ಮುಗಿದಾಗ ರನ್ ಎರಡಕ್ಕೆ ಎರಡು. ಆಟ ಮುಂದುವರಿಯಿತು. ಹತ್ತಾಯಿತು, ಹನ್ನೆರಡಾಯಿತು, ಹದಿನೈದಾಯಿತು. ಇಬ್ಬರೂ ಚೆಂಡನ್ನು ಇನ್ನೊಬ್ಬರಿಗೆ ಕೊಡಲಿಲ್ಲ. ಇಪ್ಪತ್ತನೆಯ ಇನ್ನಿಂಗ್ಸಿನಲ್ಲಿ ಫಿಲಡೆಲ್ಫಿಯಾ ಎರಡು ರನ್ ಗಳಿಸಿ ಗೆದ್ದಿತು. ಯಂಗ್ ಅವರಿಗೆ ಆಗ ಮೂವತ್ತೆಂಟು ವರ್ಷ. ಇಪ್ಪತ್ತು ಇನ್ನಿಂಗ್ಸ್‌ಗಳಲ್ಲಿ ಒಬ್ಬನಿಗೂ ತಪ್ಪೆಸೆತಗಳಿಂದ ನೆಲೆಯನ್ನು ಬಿಟ್ಟುಕೊಡಲಿಲ್ಲ. ಎರಡು ಪಂದ್ಯಗಳಷ್ಟು ದುಡಿದುದಕ್ಕೆ ಪುಸ್ತಕದಲ್ಲಿ ದೊರೆತುದು ಒಂದು ಸೋಲು.

ಆ 1905ನೆಯ ವರ್ಷದ ಲೆಕ್ಕವನ್ನು ನಾನು ಕಾಗದದಲ್ಲಿ ಬರೆದು ಬಹಳ ಹೊತ್ತು ನೋಡಿದೆ. ಒಂಬತ್ತು ಇನ್ನಿಂಗ್ಸ್‌ಗಳಿಗೆ ಅವರು ತಮ್ಮ ಹೊಣೆಯಿಂದ ಕೊಟ್ಟ ರನ್ನುಗಳ ಸರಾಸರಿ 1.82. ಅದು ಅತಿ ಶ್ರೇಷ್ಠ ಪಿಚರನಿಗೆ ಒಪ್ಪುವ ಅಂಕಿ. ಆದರೆ ಗೆಲುವು 18, ಸೋಲು 19. ಬ್ಯಾಟು ಹಿಡಿಯಬೇಕಾದ ಜತೆಗಾರರು ರನ್ ಗಳಿಸದಿದ್ದರೆ ಪಿಚರನು ಎಷ್ಟು ಚೆನ್ನಾಗಿ ಎಸೆದರೂ ಗೆಲ್ಲಲಾರನು. ಮರುವರ್ಷ ಬಾಸ್ಟನ್ ತಂಡ ಸತತ ಇಪ್ಪತ್ತು ಪಂದ್ಯಗಳನ್ನು ಸೋತು ಕೊನೆಯ ಸ್ಥಾನಕ್ಕಿಳಿಯಿತು. ಯಂಗ್ ಅವರ ಹೆಸರಿಗೆ 13 ಗೆಲುವು, 21 ಸೋಲು. ಅನಂತರ 1908ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಒಂದು ಹೊಡೆತವನ್ನೂ ಬಿಟ್ಟುಕೊಡದ ಪಂದ್ಯವೊಂದನ್ನು ನ್ಯೂಯಾರ್ಕ್ ತಂಡದೆದುರು ಎಸೆದು, ವರ್ಷದ ಕೊನೆಗೆ 21 ಗೆಲುವುಗಳೊಂದಿಗೆ ಅವರು ಮತ್ತೆ ತಲೆಯೆತ್ತಿ ನಿಂತರು.

ಇಲ್ಲಿ ಇನ್ನೊಬ್ಬ ಪಿಚರನ ಸಂಗತಿಯನ್ನು ಹೇಳದೆ ಮುಂದುವರಿಯಲಾರೆ. ವಾಲ್ಟರ್ ಜಾನ್ಸನ್ ಎಂಬವರು 1912ರಲ್ಲಿ ಸತತವಾಗಿ 16 ಪಂದ್ಯಗಳನ್ನು ಗೆದ್ದಿದ್ದರು. ಆಗಸ್ಟ್ 26ರಂದು ಅವರನ್ನು ಪಂದ್ಯದ ಮಧ್ಯದಲ್ಲಿ, ರನ್ ಸಮವಾಗಿದ್ದಾಗ, ಇನ್ನೊಬ್ಬ ಪಿಚರನ ಬದಲಿಗೆ ಕಳುಹಿಸಿದರು. ಹಿಂದಿನ ಪಿಚರನ ಕಾಲದಲ್ಲಿ ನೆಲೆ ಸೇರಿದ್ದ ಇಬ್ಬರು ಓಟಗಾರರು ಆಗಲೇ ಅಲ್ಲಿದ್ದರು. ಜಾನ್ಸನ್ನರ ಎಸೆತಕ್ಕೆ ಹೊಡೆತ ಬಿದ್ದು, ಹಿಂದಿನವನು ಬಿಟ್ಟುಹೋಗಿದ್ದ ಓಟಗಾರನು ರನ್ ಗಳಿಸಿದನು, ತಂಡ ಸೋತಿತು. ಸೋಲನ್ನು ಜಾನ್ಸನ್ನರಿಗೆ ಬರೆದರು. ಲೀಗಿನ ಅಧ್ಯಕ್ಷರೂ ಅದನ್ನೇ ಎತ್ತಿಹಿಡಿದರು. ಹದಿನಾರು ಗೆಲುವುಗಳ ಸರಣಿ ಅಲ್ಲಿಗೆ ಮುಗಿಯಿತು. ಇಂದಿನ ನಿಯಮದಂತೆ ಆ ಸೋಲು ಹಿಂದಿನವನಿಗೆ ಸೇರಬೇಕಾದುದು. ಈ ಸಂಗತಿಯನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಕೊನೆಯ ದಿನಗಳು

1909ರಲ್ಲಿ ಯಂಗ್ ಅವರು ಪುನಃ ಕ್ಲೀವ್‌ಲ್ಯಾಂಡಿಗೆ ಬಂದರು. 1910ರ ಜುಲೈ 19ರಂದು ವಾಷಿಂಗ್ಟನ್ ತಂಡದೆದುರು ಅವರ ಐನೂರನೆಯ ಗೆಲುವಾಯಿತು. ಮರುವರ್ಷ ಕ್ಲೀವ್‌ಲ್ಯಾಂಡ್ ಅವರನ್ನು ಬಿಟ್ಟಿತು, ಬಾಸ್ಟನ್ನಿನ ಇನ್ನೊಂದು ತಂಡ ಕರೆದುಕೊಂಡಿತು. 1911ರ ಸೆಪ್ಟೆಂಬರ್ 22ರಂದು ಪಿಟ್ಸ್‌ಬರ್ಗಿನೆದುರು 1-0ರಿಂದ ಗೆದ್ದುದೇ ಅವರ ಕೊನೆಯ, ಐನೂರ ಹನ್ನೊಂದನೆಯ ಗೆಲುವು. ಅಕ್ಟೋಬರ್ 6ರಂದು ಬ್ರೂಕ್ಲಿನ್ ಎದುರಿನ ಕೊನೆಯ ಪಂದ್ಯದಲ್ಲಿ ಅವರ ತಂಡ 13-3ರಿಂದ ಸೋತಿತು. ದೇಹ ಸ್ಥೂಲವಾಗಿತ್ತು. ಎದುರಾಳಿಗಳು ಚೆಂಡನ್ನು ಮೆಲ್ಲನೆ ತಟ್ಟಿ ಹತ್ತಿರದಲ್ಲೇ ಬೀಳಿಸತೊಡಗಿದ್ದರು, ಬಗ್ಗಿ ಓಡಿ ಅದನ್ನು ಹೆಕ್ಕಲು ಅವರಿಗೆ ಆಗುತ್ತಿರಲಿಲ್ಲ. ತೋಳು ದಣಿದಿರಲಿಲ್ಲ, ಕಾಲು ದಣಿದಿತ್ತು ಎನ್ನುವುದು ಅವರ ಕಾಲದವರ ಅಭಿಪ್ರಾಯ.

ಇಪ್ಪತ್ತೆರಡು ವರ್ಷಗಳ ಆಟದಲ್ಲಿ 906 ಪಂದ್ಯಗಳು. ಅವುಗಳಲ್ಲಿ ಅವರು ಆರಂಭಿಸಿದವು 815, ಆರಂಭದಿಂದ ಕೊನೆಯ ತನಕ ತಾವೊಬ್ಬರೇ ಎಸೆದು ಮುಗಿಸಿದವು 749. ಗೆಲುವು 511. ಎರಡನೆಯ ಸ್ಥಾನದಲ್ಲಿರುವ ವಾಲ್ಟರ್ ಜಾನ್ಸನ್ನರದು 417. ಇಂದಿನ ಪಿಚರನೊಬ್ಬನು ವರ್ಷಕ್ಕೆ ಇಪ್ಪತ್ತರಂತೆ ಇಪ್ಪತ್ತೈದು ವರ್ಷ ಗೆದ್ದರೂ ಇನ್ನೂ ಹನ್ನೊಂದು ಕಡಿಮೆ ಬೀಳುವುದು. ಸೋಲುಗಳ ಸಂಖ್ಯೆಯನ್ನು ಕೆಲವು ಪುಸ್ತಕಗಳು 316 ಎಂದರೆ ಕೆಲವು 315 ಎನ್ನುತ್ತವೆ. ಹಳೆಯ ಕಾಲದ ಲೆಕ್ಕ ಇಂದಿಗೂ ಪೂರ್ಣ ತಾಳೆಯಾಗಿಲ್ಲ. ಯಾವುದನ್ನು ಹಿಡಿದರೂ ಅತ್ಯಧಿಕ ಗೆಲುವುಗಳ ಪಿಚರನೂ ಅತ್ಯಧಿಕ ಸೋಲುಗಳ ಪಿಚರನೂ ಒಬ್ಬರೇ ಎಂಬುದರಲ್ಲಿ ಸಂದೇಹವಿಲ್ಲ. ಅಷ್ಟು ಸೋಲಬೇಕಾದರೆ ಅಷ್ಟು ಬಾರಿ ಚೆಂಡನ್ನು ಅವರ ಕೈಗೆ ಕೊಡುವ ವಿಶ್ವಾಸ ತಂಡಕ್ಕಿರಬೇಕು. ಅಯೋಗ್ಯನಾದವನಿಗೆ ಮುನ್ನೂರು ಬಾರಿ ಸೋಲುವ ಅವಕಾಶವನ್ನು ಯಾರೂ ಕೊಡುವುದಿಲ್ಲ.

ಆಟ ಬಿಟ್ಟ ಬಳಿಕ ಅವರು ಓಹಿಯೋದ ಪಿಯೋಲಿ ಎಂಬಲ್ಲಿ ಹೊಲ ಮಾಡಿಕೊಂಡು ಬಟಾಟೆ ಬೆಳೆದು, ಕುರಿ ಕೋಳಿಗಳನ್ನು ಸಾಕಿ ಬದುಕಿದರು. ದಂಪತಿಗಳಿಗೆ ಮಕ್ಕಳು ಉಳಿಯಲಿಲ್ಲ. 1933ರಲ್ಲಿ ಪತ್ನಿ ತೀರಿಕೊಂಡರು. ಅನಂತರ ಹೊಲವನ್ನು ಮಾರಿ ಸ್ನೇಹಿತರ ಮನೆಯಲ್ಲಿ ಆಶ್ರಯ ಪಡೆದರು. 1936ರಲ್ಲಿ ಬೇಸ್‌ಬಾಲಿನ ಕೀರ್ತಿಭವನಕ್ಕೆ ಮೊದಲ ಐವರನ್ನು ಆರಿಸಿದಾಗ ಇವರ ಹೆಸರು ಬರಲಿಲ್ಲ. 1937ರಲ್ಲಿ ಬಂದಿತು. ಆ ಭವನದಲ್ಲಿ ಅವರ ಹೆಸರಿನ ಫಲಕವಿದೆ. ಅದರಲ್ಲಿ 511 ಗೆಲುವುಗಳ ಉಲ್ಲೇಖವಿದೆ, ಪರಿಪೂರ್ಣ ಪಂದ್ಯದ ಉಲ್ಲೇಖವಿದೆ. ಸೋಲುಗಳ ಉಲ್ಲೇಖವಿಲ್ಲ. 1955ರ ನವೆಂಬರ್ 4ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಪಿಯೋಲಿಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಮರುವರ್ಷದಿಂದ ಶ್ರೇಷ್ಠ ಪಿಚರನಿಗೆ ಸೈ ಯಂಗ್ ಪ್ರಶಸ್ತಿಯನ್ನು ಕೊಡತೊಡಗಿದರು. 1956ರಲ್ಲಿ ಅದನ್ನು ಮೊದಲು ಪಡೆದವರು 27 ಗೆಲುವುಗಳ ಡಾನ್ ನ್ಯೂಕೂಂಬ್. 1967ರಿಂದ ಎರಡು ಲೀಗುಗಳಿಗೂ ಬೇರೆ ಬೇರೆಯಾಗಿ ಅದನ್ನು ಕೊಡುತ್ತಿದ್ದಾರೆ. ಬಹುಕಾಲ ಹೆಚ್ಚು ಗೆಲುವುಗಳಿದ್ದವರಿಗೇ ಅದು ಒಲಿಯುತ್ತಿತ್ತು. ಆದರೆ 2010ರಲ್ಲಿ 13 ಗೆದ್ದು 12 ಸೋತ ಫೆಲಿಕ್ಸ್ ಹೆರ್ನಾಂಡೆಜ್ ಅವರಿಗೂ, 2018ರಲ್ಲಿ 10 ಗೆದ್ದು 9 ಸೋತ ಜೇಕಬ್ ಡಿಗ್ರಾಮ್ ಅವರಿಗೂ ಆ ಪ್ರಶಸ್ತಿಯನ್ನು ನೀಡಿದರು. ಡಿಗ್ರಾಮ್ ಅವರ ರನ್ ಸರಾಸರಿ 1.70 ಆಗಿತ್ತು. ತಂಡ ಸೋತುದು ಪಿಚರನ ತಪ್ಪಿನಿಂದಲ್ಲವೆಂದು ತೀರ್ಮಾನಿಸುವವರಿಗೆ ಕೊನೆಗೂ ಮನವರಿಕೆಯಾಯಿತು. ಅತ್ಯಧಿಕ ಗೆಲುವುಗಳ ಮನುಷ್ಯನ ಹೆಸರಿನ ಪ್ರಶಸ್ತಿಯೇ, ಗೆಲುವಿನ ಎಣಿಕೆಯೊಂದೇ ಸಾಲದೆಂಬುದನ್ನು ಒಪ್ಪಿಕೊಂಡಿತು. 1905ರ ಸೈ ಯಂಗ್ ಅವರಿಗೆ ಸಲ್ಲದ ನ್ಯಾಯ ನೂರಕ್ಕೂ ಮಿಕ್ಕಿದ ವರ್ಷಗಳ ಬಳಿಕ ಅವರದೇ ಹೆಸರಿನಲ್ಲಿ ಬೇರೆಯವರಿಗೆ ಸಂದಿತು.

ನಮ್ಮ ಲೆಕ್ಕ

ಈಗ ನನ್ನ ನಿದ್ರೆ ಕೆಡಿಸಿದ ಸಂಗತಿ. ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ಮುಖ್ಯೋಪಾಧ್ಯಾಯರ ಪಟ್ಟಿಯೂ, ಅವರವರ ಕಾಲದಲ್ಲಿ ಮಕ್ಕಳು ಗಳಿಸಿದ ವಿದ್ಯಾರ್ಥಿವೇತನಗಳ ಸಂಖ್ಯೆಯೂ ಅಚ್ಚಾಗಲಿವೆ. ಕರಡನ್ನು ನನಗೆ ತೋರಿಸಿದ್ದರು. ನನ್ನ ಹೆಸರಿನ ಮುಂದಿನ ಸಂಖ್ಯೆ ಸಣ್ಣದಲ್ಲ.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಒಂದು ವರ್ಷ ಗಣಿತದ ಅಧ್ಯಾಪಕರು ದೀರ್ಘ ರಜೆಯಲ್ಲಿ ಹೋದರು. ಜೂನಿನಿಂದ ದಶಂಬರದ ತನಕ ಆ ಪಾಠ ಸರಿಯಾಗಿ ನಡೆಯಲೇ ಇಲ್ಲ. ಜನವರಿಯಲ್ಲಿ ತಾತ್ಕಾಲಿಕವಾಗಿ ಒಬ್ಬ ತರುಣ ಅಧ್ಯಾಪಕರು ಬಂದರು. ಏಳನೆಯ ತರಗತಿಯನ್ನೂ ಐದನೆಯ ತರಗತಿಯನ್ನೂ ಅವರಿಗೆ ಒಪ್ಪಿಸಿದೆ. ಶಾಲೆ ಬಿಟ್ಟ ಮೇಲೂ ಜಗಲಿಯಲ್ಲಿ ಮಕ್ಕಳನ್ನು ಕುಳ್ಳಿರಿಸಿಕೊಂಡು ಅವರು ಭಿನ್ನರಾಶಿಯನ್ನು ಕಲಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಆ ವರ್ಷ ಏಳನೆಯ ತರಗತಿಯ ಯಾವ ಮಗುವೂ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾಗಲಿಲ್ಲ. ಗಣಿತದಲ್ಲಿ ಅನೇಕರು ಹಿಂದೆ ಬಿದ್ದರು. ಮೇಲಿನಿಂದ ವಿವರಣೆ ಕೇಳಿದರು. ನಾನು ಏನು ಬರೆದೆ? ಗಣಿತದ ಅಧ್ಯಾಪಕರ ಬೋಧನೆ ತೃಪ್ತಿಕರವಾಗಿಲ್ಲವೆಂದು ಬರೆದು ಆ ತರುಣರ ಹೆಸರನ್ನು ಹಾಕಿದೆ. ಅವರಿಗೆ ಓದಲು ಕೊಟ್ಟೆ. ಅವರು ಓದಿದರು, ಒಂದು ಮಾತನ್ನೂ ಆಡದೆ ಸಹಿ ಹಾಕಿದರು. ಮುಂದಿನ ವರ್ಷ ಅವರನ್ನು ಪುನಃ ಕರೆಯಲಿಲ್ಲ. ನೆಲೆಗಳಲ್ಲಿದ್ದ ಓಟಗಾರರು ಯಾರ ಕಾಲದವರೆಂಬುದನ್ನು ನಾನು ನೋಡಲಿಲ್ಲ.

ಎರಡು ವರ್ಷಗಳ ಬಳಿಕ, ಅದೇ ಐದನೆಯ ತರಗತಿಯ ಮಕ್ಕಳು ಏಳಕ್ಕೆ ಬಂದರು. ಆ ವರ್ಷ ಅವರಲ್ಲಿ ಹಲವರು ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದರು. ಊರವರು ಸಭೆ ಕರೆದು ನನಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನಿಸಿದರು. ಭಿನ್ನರಾಶಿಯನ್ನು ಇಷ್ಟು ಚೆನ್ನಾಗಿ ಕಲಿಸಿದವರಾರೆಂದು ನಾನು ಮಕ್ಕಳನ್ನು ಕೇಳಿದಾಗ ಅವರು ಹೇಳಿದುದು ಆ ಜಗಲಿಯ ಮಾಸ್ತರರ ಹೆಸರನ್ನು. ಸಭೆಯಲ್ಲಿ ನಾನು ಅದನ್ನು ಹೇಳಬಹುದಾಗಿತ್ತು. ಹೇಳಲಿಲ್ಲ. ಆ ಶಾಲು ಇಂದಿಗೂ ನನ್ನ ಕಪಾಟಿನಲ್ಲಿದೆ.

ಅವರು ಈಗ ಬದುಕಿಲ್ಲ. ತಾತ್ಕಾಲಿಕವಾಗಿ ದುಡಿದವರ ಹೆಸರುಗಳು ನಮ್ಮ ಅಧ್ಯಾಪಕರ ಪಟ್ಟಿಯಲ್ಲಿ ಇರಲಿಲ್ಲ. ಹಳೆಯ ಹಾಜರಿ ಪುಸ್ತಕಗಳನ್ನು ಹುಡುಕಿ, ಒಂದು ದಿನ ದುಡಿದವರಾದರೂ ಸರಿ, ಎಲ್ಲರ ಹೆಸರುಗಳನ್ನೂ ಸೇರಿಸಬೇಕೆಂದು ನಾನು ಸಂಪಾದಕ ಮಂಡಳಿಯವರನ್ನು ವಿನಂತಿಸಿದ್ದೇನೆ, ಹುಡುಕುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ನನ್ನ ಹೆಸರಿನ ಮುಂದಿನ ಆ ಸಂಖ್ಯೆಯನ್ನು ತೆಗೆದುಹಾಕಿ, ವಿದ್ಯಾರ್ಥಿವೇತನಗಳನ್ನು ಶಾಲೆಯ ಹೆಸರಿನಲ್ಲಿಯೇ ಒಟ್ಟಾಗಿ ಬರೆಯಬೇಕೆಂದೂ ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ. ಆ ವಿವರಣೆಯ ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇನ್ನು ಉಳಿದಿಲ್ಲ. ಅದು ನನ್ನ ಹೆಸರಿನ ಸೋಲು, ಅದನ್ನು ನಾನೇ ಇಲ್ಲಿ ಬರೆದುಕೊಂಡಿದ್ದೇನೆ.

ಮೊಮ್ಮಗನು ಈಗ ದೊಡ್ಡವನಾಗಿದ್ದಾನೆ. ಅಂದಿನ ಅವನ ಪ್ರಶ್ನೆಗೆ ಉತ್ತರವಾಗಿ ಯಂಗ್ ಅವರ 1905ರ ಲೆಕ್ಕವನ್ನು ಕಾಗದದಲ್ಲಿ ಬರೆದು ಅವನ ಮೇಜಿನ ಮೇಲಿಟ್ಟು ನಾನು ಊರಿಗೆ ಹೊರಟು ಬಂದಿದ್ದೆ. ಗಡಿನಾಡಿನ ಈ ಕನ್ನಡ ಶಾಲೆಯನ್ನು ಐವತ್ತು ವರ್ಷ ನಡೆಸಿದವರಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದವರು ಅನೇಕರಿದ್ದಾರೆ. ಅವರೆಲ್ಲರ ಋಣವನ್ನು ನೆನೆಯುತ್ತ, ಶಾಲೆಯು ಶತಮಾನೋತ್ಸವವನ್ನು ಕಾಣಲೆಂದು ಹಾರೈಸಿ ವಿರಮಿಸುತ್ತೇನೆ.